ಅಳತೆಯಮ್ಮನ ಒಂದು ಕಪ್

ಅಳತೆಯಮ್ಮ ಎನ್ನುವುದು ಅವರ ಹೆಸರಲ್ಲ, ನಾವು ಕಚೇರಿಯವರು ಇಟ್ಟದ್ದು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಆದರೂ ಅವರಿಗೆ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು ಎಂದು ನನ್ನ ಗುಮಾನಿ. ನಮ್ಮ ವಾರಪತ್ರಿಕೆಯಲ್ಲಿ ‘ಹತ್ತೂರ ಮನೆಯಡುಗೆ’ ಎಂಬ ಅಂಕಣ ಬರುತ್ತಿತ್ತು. ಇಪ್ಪತ್ತೆರಡು ವರ್ಷ ಅದನ್ನು ನಡೆಸಿದವರು ಇವರು. ಅಷ್ಟು ವರ್ಷದಲ್ಲಿ ಅವರ ಹೆಸರು ಒಂದು ಸಲವೂ ಅಚ್ಚಾಗಲಿಲ್ಲ. ಅಂಕಣದ ಕೆಳಗೆ ‘ನಮ್ಮ ಅಡುಗೆಮನೆಯಿಂದ’ ಎಂದಷ್ಟೇ ಇರುತ್ತಿತ್ತು.

ನಾನು ಅಲ್ಲಿ ಕರಡು ತಿದ್ದುವವನು. ಮನುಷ್ಯರ ಮನಸ್ಸಿನ ವಿಷಯದಲ್ಲಿ ನನ್ನ ಮಾತನ್ನು ಅಷ್ಟಾಗಿ ನಂಬಬೇಡಿ, ಅಲ್ಪವಿರಾಮದ ವಿಷಯದಲ್ಲಿ ಕಣ್ಣು ಮುಚ್ಚಿ ನಂಬಬಹುದು. ನನ್ನ ಮೇಜಿಗೂ ಅವರ ಒಲೆಗೂ ನಡುವೆ ಹಲಗೆಯ ಗೋಡೆ. ಆ ಅಡುಗೆಮನೆ ಒಂದು ಕಾಲಕ್ಕೆ ಕಾಗದದ ಉಗ್ರಾಣವಾಗಿತ್ತಂತೆ. ಗೋಡೆ ಕಟ್ಟಿದವನಿಗೆ ಹಲಗೆ ಸಾಲದೆ ಬಂದಿರಬೇಕು, ಸೂರಿಗೆ ಎರಡು ಮೊಳ ಇರುವಾಗಲೇ ನಿಲ್ಲಿಸಿಬಿಟ್ಟಿದ್ದ. ಆ ಎರಡು ಮೊಳದ ಸಂದಿಯಿಂದ ನನಗೆ ಲೋಕದ ಅಡುಗೆಯೆಲ್ಲ ಪರಿಚಯವಾಯಿತು. ಬೆಣ್ಣೆಯಲ್ಲಿ ಈರುಳ್ಳಿ ಕಂದುತ್ತಿದೆ ಎಂದರೆ ಸೂಪು. ನಿಂಬೆಸಿಪ್ಪೆ ತುರಿದ ವಾಸನೆ ಬಂದರೆ ಕೇಕು. ಮೂರು ವಾರ ಬಿಟ್ಟು ಓದುಗರು ಏನು ಓದುತ್ತಾರೆ ಎಂಬುದು ನನ್ನ ಮೂಗಿಗೆ ಇವತ್ತೇ ತಿಳಿಯುತ್ತಿತ್ತು.

ಅಂಕಣದ ಅಡುಗೆಗಳು ದೊಡ್ಡವೇನೂ ಅಲ್ಲ. ಹೋಟೆಲಿನಲ್ಲಿ ಸಿಗದ, ಮನೆಯಲ್ಲಷ್ಟೇ ಮಾಡುವ, ಮಕ್ಕಳು ‘ಮತ್ತೆ ಇದೇನಾ’ ಎಂದು ಗೊಣಗುವಂಥವು. ಆಲೂಗಡ್ಡೆ, ಈರುಳ್ಳಿ ಹಾಕಿ ದಪ್ಪಗೆ ಬೇಯಿಸಿದ ಆಮ್ಲೆಟ್. ಟೊಮೆಟೊದಲ್ಲಿ ಬೆಂದ ಬಿಳಿ ಬೀನ್ಸು. ಹಿಂದಿನ ದಿನದ ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ಒಣದ್ರಾಕ್ಷಿ ಉದುರಿಸಿ ಬೇಯಿಸಿದ ಪುಡಿಂಗು. ನರ್ಸುಗಳು, ಹಡಗಿನ ಕೆಲಸದವರು, ಮದುವೆಯಾಗಿ ದೂರದೇಶಕ್ಕೆ ಹೋದವರು ತಾವು ಕಲಿತದ್ದನ್ನು ಬರೆದು ಕಳಿಸುತ್ತಿದ್ದರು. ಯಾವ ದೇಶದ ಅಡುಗೆ ಎಂದು ಮಾತ್ರ ನಾವು ಅಚ್ಚು ಹಾಕುತ್ತಿರಲಿಲ್ಲ. ಮೊದಮೊದಲು ಹಾಕಿದ್ದುಂಟು. ಒಂದು ಅನ್ನದ ಪಾಯಸಕ್ಕೆ ಐದು ದೇಶದವರು ‘ಅದು ನಮ್ಮದು’ ಎಂದು ಜಗಳದ ಪತ್ರ ಬರೆದ ಮೇಲೆ ಸಂಪಾದಕಿ ಕೈಮುಗಿದು ಆ ಪದ್ಧತಿ ನಿಲ್ಲಿಸಿದರು. ಅಲ್ಲಿಂದ ಮುಂದೆ ಎಲ್ಲವೂ ‘ಮೀನುಗಾರರ ಮನೆಯ ಸೂಪು’, ‘ಬೆಟ್ಟದವರ ಸೇಬಿನ ಸಿಹಿ’ ಎಂದಾದವು.

ಬಂದ ಪ್ರತಿಯೊಂದನ್ನೂ ಅಳತೆಯಮ್ಮ ಮೂರು ಸಲ ಮಾಡಿಸುತ್ತಿದ್ದರು. ಮೊದಲ ಸಲ ಪತ್ರದಲ್ಲಿ ಹೇಗಿದೆಯೋ ಹಾಗೆ, ಪೆದ್ದುಪೆದ್ದಾಗಿದ್ದರೂ ಹಾಗೆಯೇ. ಎರಡನೆಯ ಸಲ ತಮ್ಮ ಬುದ್ಧಿ ಓಡಿಸಿ, ಅಳತೆ ಹಚ್ಚಿ. ಮೂರನೆಯ ಸಲ ಅವರು ಕೈಕಟ್ಟಿ ನಿಲ್ಲುವರು, ಕಚೇರಿಯ ಕಾವಲುಗಾರ ಮಾಡುವನು. ಅವನನ್ನು ಆರಿಸಿದ್ದು ಅಡುಗೆ ಬರುತ್ತದೆ ಎಂದಲ್ಲ, ಬರುವುದಿಲ್ಲ ಎಂದು. ಬರೆದದ್ದನ್ನು ಜೋರಾಗಿ ಓದಿಕೊಂಡು, ಬರೆದಷ್ಟನ್ನೇ ಹಾಕಿ, ಬರೆದಷ್ಟೇ ಹೊತ್ತು ಕಲಕಿ ಅವನು ಇಳಿಸಿದ್ದು ಬಾಯಿಗಿಡುವಂತಿದ್ದರೆ ಮಾತ್ರ ಅಚ್ಚಿಗೆ. ಇಪ್ಪತ್ತೆರಡು ವರ್ಷದಲ್ಲಿ ಅವನಿಗೆ ಸಾವಿರ ಅಡುಗೆ ಬಂದುಬಿಟ್ಟಿತ್ತು. ಆದರೂ ಅಡುಗೆಮನೆಗೆ ಬಂದಾಗಲೆಲ್ಲ ಏನೂ ಗೊತ್ತಿಲ್ಲದವನಂತೆ ಮುಖ ಮಾಡುವುದು ಅವನ ಕರ್ತವ್ಯವಾಗಿತ್ತು, ಅದನ್ನು ಅವನು ಚಾಚೂ ತಪ್ಪದೆ ನಿಭಾಯಿಸುತ್ತಿದ್ದ.

ಅಳತೆಯ ವಿಷಯಕ್ಕೆ ಬಂದರೆ ಅಳತೆಯಮ್ಮನದು ಖಡಾಖಂಡಿತ. ‘ಬೇಕಾದಷ್ಟು’, ‘ರುಚಿಗೆ ತಕ್ಕಷ್ಟು’, ‘ಒಂದು ಹಿಡಿ’ ಎಂಬ ಮಾತುಗಳನ್ನು ಕಂಡರೆ ಅವರು ಮೂಗು ಮುರಿಯುತ್ತಿದ್ದರು. ಹಿಡಿ ಎಂದರೆ ಯಾರ ಹಿಡಿ, ಕುಸ್ತಿಯವನದೋ ಕೂಸಿನದೋ ಎಂದು ಕೇಳುವರು. ಹಿಟ್ಟು ಕಪ್ಪಿಗೆ ಸುರಿದು, ಚಾಕುವಿನ ಬೆನ್ನಿನಿಂದ ಮೇಲ್ಭಾಗ ಸವರಿ, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದ ಮೇಲೇ ಬೋಗುಣಿಗೆ. ಅವರ ಕಪ್ ಒಂದೇ. ಪಾರದರ್ಶಕ ಪ್ಲಾಸ್ಟಿಕ್ಕಿನದು, ಹೊರಮೈಯಲ್ಲಿ ಕಾಲು, ಅರ್ಧ, ಮುಕ್ಕಾಲು, ಒಂದು ಎಂದು ಗೆರೆ. ಅವರು ಕೆಲಸಕ್ಕೆ ಸೇರಿದಾಗ ಆ ಕಪ್ ಅಡುಗೆಮನೆಯಲ್ಲಿ ಇತ್ತು. ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ಅಂಕಣದ ಅಡಿಯಲ್ಲಿ ಪ್ರತಿ ವಾರ ‘ಒಂದು ಕಪ್ ಎಂದರೆ 240 ಮಿಲಿ, ಅಂಗಡಿಯಲ್ಲಿ ಸಿಗುವ ಅಳತೆಯ ಕಪ್’ ಎಂಬ ಸಾಲು ಇರುತ್ತಿತ್ತು. ಆ ಸಾಲಿನ ಚುಕ್ಕಿ, ಅಂಕಿ ಎಲ್ಲವೂ ಸರಿಯಾಗಿವೆಯೇ ಎಂದು ನಾನು ಪ್ರತಿ ವಾರ ನೋಡುತ್ತಿದ್ದೆ, ಸರಿಯಾಗಿಯೇ ಇರುತ್ತಿದ್ದವು.

ಓದುಗರ ದೂರುಗಳು ಬರುತ್ತಿರಲಿಲ್ಲ ಎಂದಲ್ಲ. ಕೇಕು ಒಣಗಿತು, ಸೂಪು ಸಪ್ಪೆ, ಕಸ್ಟರ್ಡು ನೀರಾಯಿತು ಎಂದು ತಿಂಗಳಿಗೆ ನಾಲ್ಕೈದು. ಅದಕ್ಕೆ ಅಳತೆಯಮ್ಮ ಕಾರ್ಡು ಅಚ್ಚು ಹಾಕಿಸಿಟ್ಟಿದ್ದರು: ‘ಈ ಅಡುಗೆಯನ್ನು ನಮ್ಮಲ್ಲಿ ಮೂರು ಬಾರಿ ಮಾಡಿ ನೋಡಲಾಗಿದೆ. ದಯವಿಟ್ಟು ಅಳತೆಯನ್ನು ಸರಿಯಾಗಿ ಪಾಲಿಸಿ.’ ಆ ‘ದಯವಿಟ್ಟು’ ನಾನು ಸೇರಿಸಿದ್ದು. ಅವರ ಮೂಲದಲ್ಲಿ ಇರಲಿಲ್ಲ.

ಇನ್ನು ಅವರ ಮನೆ. ಗಂಡ ನೀರು ಸರಬರಾಜಿನ ಕಚೇರಿಯಲ್ಲಿ ಮೀಟರು ನೋಡುವವರು, ಒಳ್ಳೆಯ ಮನುಷ್ಯ, ನಾಲಿಗೆಗೆ ಮಾತ್ರ ಹೊಸದು ಆಗದು. ಹಾಗಾಗಿ ಲೋಕದ ಅಡುಗೆಯೆಲ್ಲ ಕೈಗೆ ಬಂದ ಈ ಹೆಂಗಸು ಮನೆಯಲ್ಲಿ ಅದದೇ ನಾಲ್ಕು ಪದಾರ್ಥ ಮಾಡುತ್ತಿದ್ದರು, ಅದೂ ಕಣ್ಣಳತೆಯಲ್ಲಿ. ಅಂಕಣದ ಒಂದು ಅಡುಗೆಯನ್ನೂ ಅವರು ಮನೆಯಲ್ಲಿ ಮಾಡಲಿಲ್ಲ. ಮಕ್ಕಳಿರಲಿಲ್ಲ. ಅಕ್ಕನ ಮಗಳನ್ನು ಸ್ವಂತ ಮಗಳಂತೆ ನೋಡಿಕೊಂಡಿದ್ದರು.

ಈ ಅಕ್ಕನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಅಳತೆಯಮ್ಮನಿಗೆ ಒಂಬತ್ತು ವರ್ಷವಾಗಿದ್ದಾಗ ತಾಯಿ ತೀರಿಕೊಂಡರು. ಅಕ್ಕನಿಗೆ ಆಗ ಹದಿನಾರು. ಅವರು ಶಾಲೆ ಬಿಟ್ಟು ದರ್ಜಿಯ ಅಂಗಡಿಯಲ್ಲಿ ಅಂಚು ಹೊಲಿಯಲು ಕೂತರು, ತಂಗಿಯನ್ನು ಓದಿಸಿದರು. ಆಮೇಲೆ ಮನೆಯ ಮುಂದಿನ ಕೋಣೆಯಲ್ಲೇ ಮಿಷನ್ನು ಹಾಕಿಕೊಂಡು ಹೊಲಿಗೆಯಲ್ಲಿ ಒಳ್ಳೆಯ ಹೆಸರು ಮಾಡಿದರು. ಇಂಚು ಅಂದರೆ ಇಂಚು, ಅರ್ಧ ಇಂಚು ಅಂದರೆ ಅರ್ಧ. ಅವರು ಕತ್ತರಿಸಿದ ಬಟ್ಟೆ ಬಿಗಿಯಾಯಿತು, ಸಡಿಲವಾಯಿತು ಎಂದು ಯಾರೂ ವಾಪಸು ತಂದದ್ದಿಲ್ಲ. ತಂಗಿಯ ಅಂಕಣವನ್ನು ಅವರು ಮೊದಲ ವಾರದಿಂದ ಕತ್ತರಿಸಿಟ್ಟುಕೊಂಡು, ಪ್ರತಿ ಭಾನುವಾರ ಒಂದು ಅಡುಗೆ ಮಾಡುತ್ತಿದ್ದರು. ಒಂದೊಂದು ಸಾಲು ಮುಗಿದಂತೆ ಪೆನ್ಸಿಲಿನಲ್ಲಿ ಗುರುತು ಹಾಕುವರು. ಅಳತೆಯ ಕಪ್ಪನ್ನು ಅಂಗಡಿಯಿಂದ ಕೊಂಡು ತಂದಿದ್ದರು.

ಒಂಬತ್ತು ವರ್ಷದ ಹಿಂದೆ ಅಕ್ಕನ ಮಗಳನ್ನು ನೋಡಲು ಗಂಡಿನ ಮನೆಯವರು ಬಂದರು. ಏಳು ಜನ. ಊಟವಾದ ಮೇಲೆ ಸಿಹಿಗೆಂದು ಅಕ್ಕ ಕ್ಯಾರಮೆಲ್ ಕಸ್ಟರ್ಡ್ ಮಾಡಿದ್ದರು. ತಳದಲ್ಲಿ ಸಕ್ಕರೆ ಕಂದಿಸಿ, ಮೇಲೆ ಮೊಟ್ಟೆ, ಹಾಲು ಬೆರೆಸಿ ಹೊಯ್ದು, ಹಬೆಯಲ್ಲಿ ಬೇಯಿಸಿ, ಆರಿದ ಮೇಲೆ ತಟ್ಟೆಗೆ ಬೋರಲು ಹಾಕುವುದು. ಅಂಕಣದಲ್ಲಿ ಬರೆದಂತೆ ಎರಡು ಕಪ್ ಹಾಲಿಗೆ ಮೂರು ಮೊಟ್ಟೆ. ಎಲ್ಲರ ಎದುರಿಗೆ ಅಕ್ಕ ಬಟ್ಟಲನ್ನು ಬೋರಲು ಹಾಕಿದರು. ಕಸ್ಟರ್ಡು ಒಂದು ಕ್ಷಣ ನಿಂತಂತೆ ಮಾಡಿ, ಆಮೇಲೆ ಕುಸಿದು, ತಟ್ಟೆಯ ಅಂಚು ದಾಟಿ ಮೇಜಿನ ಬಟ್ಟೆಯ ಮೇಲೆ ಹರಿಯಿತು. ಆಗ ಅಳತೆಯಮ್ಮ, “ನಮ್ಮಕ್ಕಂಗೆ ಟೇಪು ಹಿಡಿಯೋಕೆ ಬರುತ್ತೆ, ಕಪ್ ಹಿಡಿಯೋಕೆ ಬರಲ್ಲ,” ಅಂದರು. ಬಂದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕನೂ ನಕ್ಕರಂತೆ.

ಮದುವೆ ಆಯಿತು, ಹುಡುಗಿ ಚೆನ್ನಾಗಿದ್ದಾಳೆ. ಆದರೆ ಆ ದಿನದಿಂದ ಅಕ್ಕ ಕಸ್ಟರ್ಡು, ಕೇಕು, ಪುಡಿಂಗು ಯಾವುದನ್ನೂ ಮಾಡಲಿಲ್ಲ. ಸಿಹಿ ಬೇಕೆಂದರೆ ಬೇಕರಿಯಿಂದ. ತಂಗಿಯ ಮನೆಗೆ ಹೋಗುವುದೂ ನಿಂತಿತು. ಜಗಳವೇನಿಲ್ಲ, ಮಾತು ಬಿಟ್ಟಿದ್ದೂ ಇಲ್ಲ. ಕಾಯಿಲೆ ಕಸಾಲೆ, ಬಾಣಂತನ ಎಂದರೆ ಫೋನಿನಲ್ಲಿ ವಿಚಾರಿಸುವರು. ಎರಡು ಬಸ್ ನಿಲ್ದಾಣದ ದೂರದಲ್ಲಿದ್ದ ಅಕ್ಕತಂಗಿಯರು ಒಬ್ಬರ ಮನೆಯಲ್ಲಿ ಒಬ್ಬರು ಒಂದು ತುತ್ತು ತಿನ್ನದೆ ಒಂಬತ್ತು ವರ್ಷ ಕಳೆದರು. ಅಳತೆಯಮ್ಮನಿಗೆ ಅಕ್ಕ ಬೇಕಿತ್ತು. ತಪ್ಪು ಅಕ್ಕನದೇ ಆದ್ದರಿಂದ ಮೊದಲು ಅವರೇ ಬರಬೇಕು ಎಂಬ ಹಟವೂ ಇತ್ತು. ಮಾತು ಸ್ವಲ್ಪ ಖಾರವಾಯಿತು ಎಂದು ಒಪ್ಪುತ್ತಿದ್ದರು, ಅಳತೆ ತಪ್ಪಿದ್ದು ಅಕ್ಕನೇ ಎಂಬುದರಲ್ಲಿ ಎರಡು ಮಾತಿರಲಿಲ್ಲ. ಕಚೇರಿಯಲ್ಲಿ ಹೊಸಬರು ಸೇರಿದಾಗಲೆಲ್ಲ, ಅಳತೆ ಯಾಕೆ ಮುಖ್ಯ ಎಂದು ಹೇಳಲು, ಈ ಕಥೆಯನ್ನು ತಮಾಷೆಯಾಗಿ ಹೇಳುವರು. ನಾನು ಅದನ್ನು ಹತ್ತು ಸಲವಾದರೂ ಕೇಳಿದ್ದೇನೆ, ಹತ್ತು ಸಲವೂ ನಕ್ಕಿದ್ದೇನೆ.

ಅವರು ನಿವೃತ್ತರಾಗಲು ನಾಲ್ಕು ತಿಂಗಳಿದ್ದಾಗ ಸಂಪಾದಕಿಗೆ ಒಳ್ಳೆಯ ಯೋಚನೆ ಬಂತು. ಅಂಕಣದಿಂದ ಮುನ್ನೂರು ಅಡುಗೆ ಆರಿಸಿ ಒಂದು ಪುಸ್ತಕ ತರುವುದು, ಮುಖಪುಟದಲ್ಲಿ ಅಳತೆಯಮ್ಮನ ನಿಜವಾದ ಹೆಸರು. ಆ ದಿನ ಅಳತೆಯಮ್ಮ ಮಧ್ಯಾಹ್ನ ಎರಡು ಸಲ ನನ್ನ ಕೋಣೆಗೆ ಬಂದು ಹೆಸರನ್ನು ಯಾವ ಗಾತ್ರದ ಅಕ್ಷರದಲ್ಲಿ ಹಾಕುತ್ತಾರೆ ಎಂದು ಏನೋ ಬೇರೆ ವಿಷಯದ ನಡುವೆ ಕೇಳಿದಂತೆ ಕೇಳಿ ಹೋದರು.

ಪುಸ್ತಕಕ್ಕೆ ಚಿತ್ರ ತೆಗೆಯಬೇಕೆಂದು ಅಡುಗೆಮನೆಗೆ ಸುಣ್ಣಬಣ್ಣವಾಯಿತು. ಹೊಸ ಪಾತ್ರೆಗಳ ಜೊತೆ ಒಂದು ವಿದ್ಯುತ್ ರೈಸ್ ಕುಕ್ಕರೂ ಬಂತು. ಕಾವಲುಗಾರ ಪೆಟ್ಟಿಗೆ ಬಿಚ್ಚುತ್ತಿದ್ದ, ಅಳತೆಯಮ್ಮ ಪಾತ್ರೆ ಒರೆಸುತ್ತಿದ್ದರು, ನಾನು ಬೀನ್ಸು ತಿನ್ನುತ್ತ ನಿಂತಿದ್ದೆ. ಅಚ್ಚಾದದ್ದು ಯಾವುದೇ ಇರಲಿ, ಓದದೆ ಬಿಡಲಾಗದು, ಅದು ನನ್ನ ರೋಗ. ಕುಕ್ಕರಿನ ಜೊತೆ ಬಂದ ಪುಸ್ತಿಕೆಯನ್ನು ಓದತೊಡಗಿದೆ. ಎರಡನೆಯ ಪುಟದಲ್ಲೇ ಒಂದು ಒತ್ತಕ್ಷರ ತಪ್ಪಾಗಿತ್ತು. ಅದನ್ನು ಅವರಿಗೆ ತೋರಿಸಿ ನಗಿಸಬೇಕೆಂದು ಆ ಸಾಲನ್ನೇ ಗಟ್ಟಿಯಾಗಿ ಓದಿದೆ: ‘ಜೊತೆಯಲ್ಲಿ ಕೊಟ್ಟಿರುವ ಕಪ್ ಅಕ್ಕಿ ಅಳೆಯಲು ಮಾತ್ರ. ಇದರ ಅಳತೆ 180 ಮಿಲಿ. ಅಡುಗೆ ಪುಸ್ತಕಗಳ ಕಪ್ಪಿಗಿಂತ ಇದು ಚಿಕ್ಕದು.’

ಅಳತೆಯಮ್ಮ ಒರೆಸುವುದನ್ನು ನಿಲ್ಲಿಸಿದರು. ಕಾವಲುಗಾರನ ಕೈಯಿಂದ ಆ ಹೊಸ ಕಪ್ಪನ್ನು ತೆಗೆದುಕೊಂಡು ತಮ್ಮ ಹಳೆಯದರ ಪಕ್ಕ ಇಟ್ಟರು. ಅದೇ ಎತ್ತರ, ಅದೇ ಬಾಯಿ, ಅದೇ ನಾಲ್ಕು ಗೆರೆ. ಅವರದು ಹಳದಿಗಟ್ಟಿತ್ತು, ಇದು ಹೊಳೆಯುತ್ತಿತ್ತು, ಅಷ್ಟೇ ವ್ಯತ್ಯಾಸ. ಆ ಅಡುಗೆಮನೆಯಲ್ಲಿ ಅವರಿಗಿಂತ ಮೊದಲು ಒಂದು ರೈಸ್ ಕುಕ್ಕರ್ ಇತ್ತು, ಕೆಟ್ಟು ಗುಜರಿಗೆ ಹೋಯಿತು ಎಂದು ಕಾವಲುಗಾರ ಆಗ ನೆನಪಿಸಿಕೊಂಡ. ಇಪ್ಪತ್ತೆರಡು ವರ್ಷ ಈ ಮಾತು ಅವನಿಗೂ ನೆನಪಾಗಿರಲಿಲ್ಲ, ಕೇಳಿದವರೂ ಇರಲಿಲ್ಲ.

ಅಂಗಡಿಯಿಂದ ಅಳತೆಯ ಕಪ್ ತರಿಸಿದರು. ಅದಕ್ಕೆ ನೀರು ತುಂಬಿ ಹಳೆಯದಕ್ಕೆ ಸುರಿದರು. ಹಳೆಯದು ತುಂಬಿದ ಮೇಲೂ ಅಂಗಡಿಯದರಲ್ಲಿ ಕಾಲು ಭಾಗ ಉಳಿಯಿತು. ಮೂರು ಸಲ ಸುರಿದು ನೋಡಿದರು. ಆ ಹೊತ್ತಿನಲ್ಲೂ ಮೂರೇ ಸಲ.

ಅದರಿಂದ ಏನಾಯಿತು ಎಂದು ನನಗೆ ಹೊಳೆಯಲು ಸಮಯ ಹಿಡಿಯಿತು. ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಅಕ್ಕಿ, ಹಾಲು, ಸಕ್ಕರೆ ಎಲ್ಲವನ್ನೂ ಕಪ್ಪಿನಲ್ಲೇ ಅಳೆಯುವ ಅಡುಗೆಗೆ ತೊಂದರೆಯಿಲ್ಲ, ಕಪ್ ಯಾವುದಾದರೇನು, ಪ್ರಮಾಣ ಅದೇ. ಆದರೆ ಮೊಟ್ಟೆ ಮೊಟ್ಟೆಯೇ, ಚಮಚ ಚಮಚವೇ. ಓದುಗರ ಕಪ್ ದೊಡ್ಡದು, ಹಾಲು, ಹಿಟ್ಟು ಹೆಚ್ಚು ಬಿದ್ದಿದೆ, ಮೊಟ್ಟೆ, ಉಪ್ಪು ಅಷ್ಟೇ ಬಿದ್ದಿದೆ. ಆದ್ದರಿಂದ ಅವರ ಸೂಪು ಸಪ್ಪೆ, ಕೇಕು ಒಣಕಲು. ಎರಡು ಕಪ್ ಹಾಲಿಗೆ ಮೂರು ಮೊಟ್ಟೆ ಎಂದು ಬರೆದ ಕಡೆಯಲ್ಲಿ ನಾಲ್ಕು ಬೇಕಿತ್ತು. ಮೂರು ಸಲ ಪರೀಕ್ಷೆ ಮಾಡಿದ್ದು ನಿಜ, ಮೂರು ಸಲವೂ ಅದೇ ಕಪ್ಪಿನಲ್ಲಿ.

“ಕಸ್ಟರ್ಡು,” ಅಂದು ಅವರು ಸ್ಟೂಲಿನ ಮೇಲೆ ಕೂತುಬಿಟ್ಟರು. ಯಾವ ಕಸ್ಟರ್ಡು ಎಂದು ನಾನು ಕೇಳಲಿಲ್ಲ. ಹತ್ತು ಸಲ ನಕ್ಕವನಿಗೆ ಅಷ್ಟು ಗೊತ್ತಾಗದೆ ಇರುತ್ತದೆಯೇ?

ಪುಸ್ತಕವನ್ನು ಉಳಿಸುವುದು ಸುಲಭವಿತ್ತು. ಮೊದಲ ಪುಟದಲ್ಲಿ ‘ಈ ಪುಸ್ತಕದ ಒಂದು ಕಪ್ ಎಂದರೆ 180 ಮಿಲಿ’ ಎಂದು ಒಂದು ಸಾಲು ಹಾಕಿದರೆ ಮುನ್ನೂರು ಅಡುಗೆಯೂ ಒಂದೇ ಏಟಿಗೆ ಸರಿಹೋಗುತ್ತದೆ. ಈ ಉಪಾಯ ಹೊಳೆದದ್ದು ನನಗೆ, ಅದಕ್ಕೆ ನಾನು ಹೆಮ್ಮೆಪಟ್ಟುಕೊಂಡದ್ದೂ ಹೌದು. ಸಂಪಾದಕಿ ಸಮಾಧಾನದ ಉಸಿರು ಬಿಟ್ಟರು. ಆದರೆ ಅಳತೆಯಮ್ಮ ಪತ್ರಿಕೆಯಲ್ಲೂ ತಪ್ಪೊಪ್ಪಿಗೆ ಬರಬೇಕೆಂದರು. ಯಾರೂ ಗಮನಿಸಿಲ್ಲ, ಸುಮ್ಮನೆ ಯಾಕೆ ಕೆದಕುವುದು ಎಂದು ಸಂಪಾದಕಿ ಎಷ್ಟೋ ಹೇಳಿದರು. ಹಾಗಾದರೆ ಮುಖಪುಟದಿಂದ ನನ್ನ ಹೆಸರು ತೆಗೆಯಿರಿ ಎಂದರು ಇವರು. ಎರಡು ದಿನ ಇಬ್ಬರೂ ಮುಖ ಗಂಟಿಕ್ಕಿಕೊಂಡು ಓಡಾಡಿದರು. ಕೊನೆಗೆ ಅಂಕಣದ ಮೇಲೆ ಚೌಕಟ್ಟು ಹಾಕಿ ಐದು ಸಾಲು ಅಚ್ಚಾಯಿತು: ಇಪ್ಪತ್ತೆರಡು ವರ್ಷ ನಾವು ತಪ್ಪು ಕಪ್ಪಿನಲ್ಲಿ ಅಳೆದೆವು, ಮೊಟ್ಟೆ, ಉಪ್ಪು, ಸೋಡಾ ಇರುವ ಅಡುಗೆಗಳು ನಿಮ್ಮಲ್ಲಿ ಕೆಟ್ಟಿದ್ದರೆ ಆ ತಪ್ಪು ನಮ್ಮದು, ಕ್ಷಮಿಸಿ. ಅದರ ಕೆಳಗೆ ಮೊದಲ ಬಾರಿಗೆ ಅವರ ಹೆಸರು ಬಂತು. ಹೆಸರು ಅಚ್ಚಾಗಬೇಕೆಂದು ಇಪ್ಪತ್ತೆರಡು ವರ್ಷ ಆಸೆಪಟ್ಟವರಿಗೆ ಅದು ಬಂದದ್ದು ಕ್ಷಮಾಪಣೆಯ ಕೆಳಗೆ. ನನಗೆ ಆ ಕರಡು ತಿದ್ದುವಾಗ ಬೇಜಾರಾಯಿತು.

ಪತ್ರಗಳು ಬಂದವು, ನಲವತ್ತಮೂರು. ಬೈಗುಳದ ಸುರಿಮಳೆಯನ್ನು ಎದುರುನೋಡುತ್ತ ಅಳತೆಯಮ್ಮ ಮೊದಲ ಕಟ್ಟನ್ನು ಬಿಚ್ಚಿದರು. ಬೈದವರು ಒಬ್ಬರೂ ಇಲ್ಲ. ನಾವು ಮೊದಲಿಂದಲೂ ಒಂದು ಮೊಟ್ಟೆ ಜಾಸ್ತಿಯೇ ಹಾಕುತ್ತೇವೆ ಎಂದು ಒಬ್ಬಾಕೆ. ನಮ್ಮತ್ತೆ ಪುಟದ ಅಂಚಿನಲ್ಲಿ ಎಲ್ಲ ತಿದ್ದಿಟ್ಟಿದ್ದಾರೆ, ನಮಗೇನೂ ತೊಂದರೆಯಾಗಿಲ್ಲ ಎಂದು ಇನ್ನೊಬ್ಬಾಕೆ. ನಿವೃತ್ತ ಶಿಕ್ಷಕಿಯೊಬ್ಬರು, ನಿಮ್ಮ ಅಡುಗೆಗಳಲ್ಲಿ ಉಪ್ಪು ಯಾವಾಗಲೂ ಕಡಿಮೆ, ಬರೆಯುವವರಿಗೆ ರಕ್ತದೊತ್ತಡ ಇರಬೇಕು ಪಾಪ ಅಂದುಕೊಂಡಿದ್ದೆ ಎಂದು ಬರೆದಿದ್ದರು. ಹದಿನೇಳು ಮಂದಿ ಇದನ್ನು ಅಚ್ಚಿನ ತಪ್ಪು ಎಂದು ತಿಳಿದಿದ್ದರಂತೆ. ಹದಿನೇಳು! ಇಷ್ಟು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ ನನಗೆ ಸಿಕ್ಕ ಬಿರುದು ಇದು. ನಾನು ಒಂದು ಹೊತ್ತು ಊಟ ಬಿಟ್ಟೆ.

ಅಳತೆಯಮ್ಮನಿಗೂ ಮೊದಲು ಸಿಟ್ಟೇ ಬಂತು. ಯಾರೂ ಹೇಳಿದಂತೆ ಮಾಡಿಲ್ಲ, ಎಲ್ಲರೂ ತಮತಮಗೆ ತೋಚಿದ್ದನ್ನು ಮಾಡಿಕೊಂಡಿದ್ದಾರೆ, ಹಾಗಾದರೆ ನಾನು ಚಾಕುವಿನ ಬೆನ್ನಿನಲ್ಲಿ ಹಿಟ್ಟು ಸವರಿದ್ದು ಯಾರಿಗೋಸ್ಕರ ಎಂದು ಕಾವಲುಗಾರನ ಮೇಲೆ ಹರಿಹಾಯ್ದರು. ಅವನು ಪಾಪ ಪಾತ್ರೆ ತೊಳೆಯುತ್ತಲೇ ಇದ್ದ. ಸಂಜೆಯ ಹೊತ್ತಿಗೆ ಸಿಟ್ಟು ಇಳಿದಿತ್ತು. ಪತ್ರಗಳಿಗೆ ರಬ್ಬರು ಬ್ಯಾಂಡು ಹಾಕುತ್ತ ನನ್ನ ಕೋಣೆಯ ಬಾಗಿಲಲ್ಲಿ ನಿಂತು, ಎಲ್ಲರೂ ತಿದ್ದಿಕೊಂಡು ಚೆನ್ನಾಗಿ ತಿಂದಿದ್ದಾರೆ, ತಿದ್ದಿಕೊಳ್ಳದೆ ಇದ್ದವಳು ಒಬ್ಬಳೇ ಎಂದರು. ಅಕ್ಕ ಪತ್ರಿಕೆಗೆ ಚಂದಾದಾರರು. ನಲವತ್ತಮೂರರಲ್ಲಿ ಅವರ ಪತ್ರ ಇರಲಿಲ್ಲ. ಫೋನೂ ಬಂದಿರಲಿಲ್ಲ.

ಅಕ್ಕನ ಮನೆಗೆ ಹೋಗಬೇಕೆಂದು ನಿಶ್ಚಯ ಮಾಡಿದ ಮೇಲೂ ಮೂರು ಭಾನುವಾರ ದಾಟಿಹೋದವು. ಒಂದು ವಾರ ಗಂಡನಿಗೆ ನೆಗಡಿ, ಒಂದು ವಾರ ಚಿತ್ರ ತೆಗೆಯುವವನು ಬರುತ್ತಾನೆ, ಇನ್ನೊಂದು ವಾರಕ್ಕೆ ನೆಪವೂ ಸಿಗಲಿಲ್ಲ, ಸುಮ್ಮನೆ ಹೋಗಲಿಲ್ಲ. ಅವರಿಗೆ ಹೆದರಿಕೆಯಾಗಿತ್ತು. ಅಕ್ಕ ಬೈದರೆ ತಡೆದುಕೊಳ್ಳಬಹುದು, ಹೋಗಲಿ ಬಿಡು ಎಂದುಬಿಟ್ಟರೆ ಬಾಗಿಲು ಪೂರ್ತಿ ಮುಚ್ಚಿದಂತೆ ಎಂದು ಅವರ ಲೆಕ್ಕ. ನಾಲ್ಕನೆಯ ಶನಿವಾರ ನನ್ನ ಮೇಜಿನ ಹತ್ತಿರ ಬಂದು, “ನೀವೂ ನಾಳೆ ಬನ್ನಿ,” ಅಂದರು. “ಯಾರಾದ್ರೂ ಜೊತೆಗಿಲ್ಲದಿದ್ರೆ ನಾನು ಅರ್ಧ ಹೇಳಿ, ಇನ್ನರ್ಧ ನುಂಗಿಬಿಡ್ತೀನಿ. ನನ್ನ ಬುದ್ಧಿ ನನಗೆ ಗೊತ್ತಿದೆ.”

ಭಾನುವಾರ ಬೆಳಿಗ್ಗೆ ಹತ್ತರ ಬಸ್ಸು ಹಿಡಿದೆವು. ಅವರ ಚೀಲದಲ್ಲಿ ಹಳೆಯದು, ಅಂಗಡಿಯದು ಎರಡೂ ಕಪ್ ಇದ್ದವು, ಬಸ್ಸು ತಿರುಗಿದಾಗಲೆಲ್ಲ ಒಂದಕ್ಕೊಂದು ಬಡಿದು ಸದ್ದು ಮಾಡುತ್ತಿದ್ದವು. ದಾರಿಯುದ್ದಕ್ಕೂ ನಾನು ಅಂಗಡಿಗಳ ಫಲಕದ ತಪ್ಪುಗಳನ್ನು ಎಣಿಸಿದೆ.

ಅಕ್ಕನ ಮನೆಯ ಮುಂದಿನ ಕೋಣೆಯಲ್ಲಿ ಕಿಟಕಿಗೆ ಎದುರಾಗಿ ಮಿಷನ್ನು, ಪಕ್ಕದಲ್ಲಿ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಗೋಡೆಗೆ ಹೊಡೆದ ಮೊಳೆಗಳಲ್ಲಿ ಅರ್ಧ ಹೊಲಿದ ಬಟ್ಟೆಗಳು. ಅಕ್ಕ ಸಣ್ಣ ಮೈಕಟ್ಟಿನವರು, ಕೊರಳಲ್ಲಿ ಟೇಪು, ಮೂಗಿನ ತುದಿಯಲ್ಲಿ ಕನ್ನಡಕ. ತಂಗಿಯನ್ನು ನೋಡಿ ಬಾ ಅಂದರು. ನನ್ನನ್ನು ನೋಡಿ ಕೂತುಕೊಳ್ಳಿ ಅಂದರು. ಹಿಡಿದಿದ್ದ ಹೊಲಿಗೆಯನ್ನು ಮಾತ್ರ ನಿಲ್ಲಿಸಲಿಲ್ಲ, ಒಂದು ಲಂಗದ ಅಂಚು ಮುಗಿಯುವವರೆಗೂ ಮಿಷನ್ನು ಓಡುತ್ತಲೇ ಇತ್ತು. ಅಳತೆಯಮ್ಮ ನಿಂತೇ ಇದ್ದರು.

ಮಿಷನ್ನು ನಿಂತ ಮೇಲೆ ಅವರು ಎರಡೂ ಕಪ್ಪನ್ನು ಕತ್ತರಿಸುವ ಮೇಜಿನ ಮೇಲಿಟ್ಟು, ಕುಡಿಯುವ ನೀರಿನ ತಂಬಿಗೆ ತಂದು ಸುರಿದು ತೋರಿಸಹೊರಟರು. ಬಟ್ಟೆ ಒದ್ದೆಯಾಗುತ್ತೆ, ಬೇಡ ಅಂದರು ಅಕ್ಕ. ಪತ್ರಿಕೆಯಲ್ಲಿ ಬಂದದ್ದನ್ನು ಓದಿದ್ದೇನೆ ಎಂದೂ ಹೇಳಿದರು. ಆಗ ಅಳತೆಯಮ್ಮನಿಗೆ ಕೈಗೆ ಕೆಲಸವಿಲ್ಲದೆ ಮಾತೇ ಆಡಬೇಕಾಯಿತು. ಒಂಬತ್ತು ವರ್ಷದ ಹಿಂದೆ ಆ ತಟ್ಟೆಯಲ್ಲಿ ಹರಿದದ್ದು ನನ್ನ ತಪ್ಪು, ನಿನ್ನ ಅಳತೆ ಸರಿಯಾಗಿಯೇ ಇತ್ತು ಎಂದರು. ಜನರ ಎದುರಿಗೆ ಆಡಿದ ಮಾತನ್ನು ಇನ್ನೊಮ್ಮೆ ಪೂರ್ತಿ, ಒಂದು ಪದ ಬಿಡದೆ ಹೇಳಿ, ಆ ಮಾತು ಆಡಿದ್ದು ನಾನು ಎಂದರು. ಕಚೇರಿಯಲ್ಲಿ ಬಂದವರಿಗೆಲ್ಲ ಅದನ್ನು ಕಥೆಯಾಗಿ ಹೇಳಿ ನಗಿಸಿದ್ದೇನೆ, ಬೇಕಾದರೆ ಇವರನ್ನು ಕೇಳು ಎಂದು ನನ್ನತ್ತ ತೋರಿಸಿದರು. ನಾನು ತಲೆ ತಗ್ಗಿಸಿದೆ. ಅವರು ಒಂದನ್ನೂ ಅರ್ಧಕ್ಕೆ ನುಂಗಲಿಲ್ಲ.

ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಒರೆಸಿ ಮತ್ತೆ ಹಾಕಿಕೊಳ್ಳಲಿಲ್ಲ, ಕೈಯಲ್ಲೇ ಹಿಡಿದುಕೊಂಡರು.

“ಇನ್ನೊಂದು ಮೊಟ್ಟೆ ಬೇಕು ಅಂತ ನಂಗೆ ಅವತ್ತೇ ಗೊತ್ತಾಗಿತ್ತು ಕಣೇ,” ಅಂದರು. “ಹಾಲು ಬೆರೆಸುವಾಗಲೇ ತೆಳ್ಳಗೆ ಕಾಣ್ತಿತ್ತು. ನಾಲ್ಕನೇದನ್ನ ಕೈಯಲ್ಲಿ ಹಿಡ್ಕೊಂಡೂ ಇದ್ದೆ. ನೀನು ಮೂರು ಅಂತ ಬರೆದಿದ್ದೀಯಲ್ಲ, ನಿನಗಿಂತ ನಂಗೆ ಹೆಚ್ಚು ಗೊತ್ತಾ ಅಂತ ವಾಪಸ್ ಇಟ್ಟೆ.”

ಅಳತೆಯಮ್ಮ ಅಳತೊಡಗಿದರು. ಇಪ್ಪತ್ತೆರಡು ವರ್ಷದಲ್ಲಿ ನಾನು ಅದನ್ನು ನೋಡಿರಲಿಲ್ಲ, ಎಲ್ಲಿ ನೋಡಬೇಕೆಂದು ತಿಳಿಯದೆ ಗೋಡೆಯ ಬಟ್ಟೆಗಳನ್ನು ನೋಡಿದೆ. ಅಕ್ಕ ಸಮಾಧಾನ ಮಾಡಲು ಏಳಲಿಲ್ಲ, ಗದರಲೂ ಇಲ್ಲ. ಅವರ ಮನಸ್ಸಿನಲ್ಲಿ ಬೇರೆ ಏನೋ ಇತ್ತು, ಬಹಳ ವರ್ಷದಿಂದ ಇದ್ದದ್ದಿರಬೇಕು. ತಂಗಿಯ ಅಳು ಒಂದು ಹದಕ್ಕೆ ಬರುವವರೆಗೆ ಕಾದು ಅದನ್ನು ಕೇಳಿದರು. ಬೈಯುವವರ ದನಿಯಲ್ಲ, ನಿಜವಾಗಿ ತಿಳಿಯಬೇಕೆಂದು ಕೇಳುವವರ ದನಿ.

“ಪುಡಿಂಗಿಗೆ ಉಪ್ಪು ಒಂದು ಚಿಟಿಕೆ ಕಮ್ಮಿಯಾದರೂ ನಿನ್ನ ನಾಲಿಗೆಗೆ ತಿಳಿಯುತ್ತೆ. ಅವತ್ತು ಬಡಿಸಿದ್ದನ್ನ ತಿಂದಾಗ, ಇದಕ್ಕೆ ಮೊಟ್ಟೆ ಕಮ್ಮಿ ಬಿದ್ದಿದೆ ಅಂತ ನಿಂಗೆ ಗೊತ್ತಾಗಲಿಲ್ವಾ?”

ಅಳತೆಯಮ್ಮ ಮುಖ ಒರೆಸಿಕೊಂಡರು. ಉತ್ತರ ಹೇಳದೆ ನುಂಗಿಬಿಡುತ್ತಾರೆ ಎಂದು ನನಗೆ ಒಂದು ಗಳಿಗೆ ಅನ್ನಿಸಿತು. ಅವರು ನನ್ನತ್ತ ಒಮ್ಮೆ ನೋಡಿ, ಅಕ್ಕನ ಕಡೆ ತಿರುಗಿದರು.

“ನಾನು ಬಾಯಿಗೇ ಇಡಲಿಲ್ಲ ಅಕ್ಕ. ತಟ್ಟೆ ನೋಡಿದೆ, ನಕ್ಕೆ, ಅಷ್ಟೇ.”